ಇಸ್ತ್ರಿ ಕೆಂಡ

ಕಟಪಾಡಿಯಲ್ಲಿ ಬಸ್ಸು ನಿಂತ ಎರಡು ನಿಮಿಷಕ್ಕೆ
ಕಿಟಕಿಯಿಂದಲೇ ಕೊಂಡದ್ದು, ನಾಲ್ಕು ಮಟ್ಟುಗುಳ್ಳ.
ತೊಟ್ಟಿನ ಮುಳ್ಳು ಚೀಲ ದಾಟಿ
ಮಂಗಳೂರಿನವರೆಗೂ ತೊಡೆ ಚುಚ್ಚುತ್ತ ಬಂತು.

ಮನೆಯಲ್ಲಿ ಬೆಂಕಿಯಿಲ್ಲ.
ಬಿಜೈಯ ಈ ನಾಲ್ಕನೇ ಮಾಳಿಗೆಯಲ್ಲಿ
ಕರಿಗಾಜಿನ ಒಲೆ. ಗುಂಡಿ ಒತ್ತಿದರೆ ಕುಂಯ್ ಅನ್ನುತ್ತದೆ,
ಹಾಲು ಉಕ್ಕಿಸುತ್ತದೆ, ಅದು ಸರಿ.
ಗುಳ್ಳವನ್ನು ಸುಮ್ಮನೆ ಮೇಲಿಟ್ಟರೆ
ಪಾತ್ರೆ ಎಲ್ಲಿ ಎಂದು ಮಿಣಮಿಣ ಕೆಂಪಾಗಿ ಕೇಳುತ್ತದೆ.

ಗೇಟಿನ ಬಳಿ ಬಾದಾಮಿ ಮರದಡಿ ಅಂಗಾರಣ್ಣ.
ಮಂಗಳವಾರ ಹುಟ್ಟಿದ್ದಕ್ಕೆ ಅಂಗಾರ,
ತಮ್ಮ ಬುಧವಾರ ಹುಟ್ಟಿ ಬೂದ.
"ನಾನು ಕೆಂಡ, ಅವ ಬೂದಿ,
ಅಮ್ಮ ಹೆತ್ತದ್ದೇ ಇಸ್ತ್ರಿಪೆಟ್ಟಿಗೆ" ಎಂದು
ಇಡೀ ಅಪಾರ್ಟ್‌ಮೆಂಟಿಗೆ ಒಂದೊಂದು ಸಲ ಹೇಳಿ ಮುಗಿಸಿದ್ದಾನೆ.

ಗುಳ್ಳಕ್ಕೆ ತೆಂಗಿನೆಣ್ಣೆ ಸವರಿ
ತಟ್ಟೆಯಲ್ಲಿಟ್ಟು ಇಳಿದೆ. ಲಿಫ್ಟಿನಲ್ಲಿ
ಫ್ಲೇವಿಬಾಯಿ, ಪೂಜೆಗಾ ಎಂದರು.

ಅಂಗಾರಣ್ಣ ಪೆಟ್ಟಿಗೆ ತೆರೆದ.
ಗೆರಟೆಯ ಕೆಂಡ, ಬೆಳಗ್ಗಿನಿಂದ
ಹದಿನೆಂಟು ಷರ್ಟು ದಾಟಿ ಬಂದದ್ದು,
ದಣಿದ ಹಾಗಿತ್ತು. ಊದಿದ, ಕಣ್ಣು ಬಿಟ್ಟಿತು.
ಕಲ್ಲಿನ ಮೇಲೆ ಸುರಿದು, "ಹುಳ ನೋಡಿದ್ದೀರಾ ಅಕ್ಕ?"
ನೋಡಿಲ್ಲ. ಅವನೇ ಒಂದೊಂದಕ್ಕೂ ಗೀರು ಹಾಕಿ
ವೈದ್ಯನ ಹಾಗೆ ಒಳಗೆ ಇಣುಕಿದ.

ಮತ್ತೆ ಇಬ್ಬರೂ ಮಾತಾಡಲಿಲ್ಲ.
ಹಸಿರು ಮೊದಲು ಕಂದಿತು, ಆಮೇಲೆ ಕಪ್ಪು.
ಸಿಪ್ಪೆ ಚಟ್ ಎಂದಿತು. ತೊಟ್ಟು ಹಿಡಿದು ತಿರುಗಿಸುವ
ಆ ಬೆರಳಿಗೆ ಬಿಸಿಯೇ ತಿಳಿಯದು ಎಂದುಕೊಂಡೆ.
ತಿಳಿಯುತ್ತದೆ. ಕಿವಿಯ ಹಾಲೆ ಮುಟ್ಟಿಕೊಂಡ.
ಹೊಗೆ, ಹಗ್ಗದ ಮೇಲಿನ ಬಟ್ಟೆಗಳ ಕಡೆ ಹೋಯಿತು.

ಮೇಲೆ ಬಂದು ಸುಲಿದೆ.
ಹಸಿಮೆಣಸು, ಉಪ್ಪು, ಇಂಗಿನ ನೀರು, ಕೈಯಲ್ಲೇ ಹಿಸುಕಿ
ಹಸಿ ಎಣ್ಣೆ ಒಂದು ಧಾರೆ.
ಕರಿ ಚೂರು ಎರಡು ಮೂರು ಉಳಿದವು, ಉಳಿಯಲಿ.

ಅತ್ತೆ ಗಂಜಿಗೆ ನೆಂಚಿಕೊಂಡು
"ಎಷ್ಟು ವರ್ಷವಾಯ್ತು ಈ ಪರಿಮಳ! ಯಾರ ಒಲೆ?"
"ಕೆಳಗಿನದು."
"ಕೆಳಗೆ ಯಾರದು?"
ಹೆಸರು ಹೇಳಿದೆ.
ಬೆರಳು ಒಂದು ಕ್ಷಣ ಬಟ್ಟಲಲ್ಲೇ ನಿಂತಿತು.
ಆಮೇಲೆ ಇನ್ನೊಂದು ತುತ್ತು.
"ಉಪ್ಪು ಸ್ವಲ್ಪ ಕಮ್ಮಿ" ಎಂದರು.

ಅವನ ಪಾಲು ಆಗಲೇ ಕೆಳಗೆ ಹೋಗಿತ್ತು.
ಮರುದಿನ ತೊಳೆದ ಬಟ್ಟಲು
ಇಸ್ತ್ರಿ ಬಟ್ಟೆಯ ಕಟ್ಟಿನ ಮೇಲೆ ಕೂತು ಬಂತು.
ಬಿಳಿ ಷರ್ಟು ತೊಟ್ಟು ನಮ್ಮವರು ಬ್ಯಾಂಕಿಗೆ ಹೋದರು.
ಸಂಜೆ ಬಂದು ತೋಳು ಮೂಸುತ್ತ ಹೇಳಿದ್ದು,
ಕ್ಯಾಶ್ ಕೌಂಟರಿನ ಸಾಲಿನಲ್ಲಿ
ಎಲ್ಲರಿಗೂ ಹನ್ನೊಂದಕ್ಕೇ ಹಸಿವಂತೆ.