ಗೆರ್ಲಿಂಡೆ ಹಿಡಿದ ಕಡ್ಡಿ

ಗುರುವಾರ ಸಂಜೆ ಏಳಕ್ಕೆ, ಫೆಲ್ಬರ್ಟಿನ ಬಿಯರಂಗಡಿಯ ಹಿಂಕೋಣೆಯಲ್ಲಿ
ನಾವು ಏಳೆಂಟು ಜನ ಬೀಗ ಬಿಚ್ಚಲು ಕೂರುತ್ತೇವೆ.
ಗೋಡೆಗೆ ಎರಡೇ ಕಟ್ಟಳೆ:
ನಿನ್ನದಲ್ಲದ ಬೀಗ ಮುಟ್ಟಬೇಡ.
ಬಾಗಿಲು ನಂಬಿಕೊಂಡ ಬೀಗ, ನಿನ್ನದೇ ಆದರೂ, ಮುಟ್ಟಬೇಡ.
ಮೇಜಿನ ಮೇಲಿರುವುದೆಲ್ಲ
ಯಾವ ಮನೆಯನ್ನೂ ಕಾಯದ ಬೀಗ.

ನಾನು ರೊಟ್ಟಿ ಸುಡುವವನು. ಬೆಳಗಿನ ಮೂರಕ್ಕೆ
ಮೂವತ್ತು ಕಿಲೋ ಹಿಟ್ಟು ನಾದಿ ಬಂದ ಕೈ ಇದು.
ಒತ್ತಿದರೆ ಒಪ್ಪುತ್ತದೆ ಹಿಟ್ಟು,
ಒತ್ತಿದಷ್ಟೂ ಹಲ್ಲು ಕಚ್ಚುತ್ತದೆ ಬೀಗ.
ಇಷ್ಟು ತಿಳಿಯಲು ಒಂದು ಚಳಿಗಾಲ ಹಿಡಿಯಿತು,
ಸೊಟ್ಟಗಾದ ಕೊಕ್ಕೆ ಹನ್ನೊಂದು.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೋ, ಯೋಸ್ಟ್?"
ಗೆರ್ಲಿಂಡೆ ಅನ್ನುತ್ತಾಳೆ. ಮೂವತ್ತೊಂದು ವರ್ಷ
ಇದೇ ಊರಿನ ಕಾರ್ಖಾನೆಯಲ್ಲಿ, ಕಿಟಕಿಯಿಂದ ಮೂರನೇ ಬೆಂಚಿನಲ್ಲಿ,
ಚಿಮಟದಲ್ಲಿ ಪಿನ್ನು ಹಿಡಿದು, ತಲೆಗೆ ಸ್ಪ್ರಿಂಗು ಕೂರಿಸಿ
ಬೀಗಗಳ ಹೊಟ್ಟೆ ತುಂಬಿಸಿದವಳು.
ದಿನಕ್ಕೆ ನಾನೂರು. ಆಗ ಒಂದನ್ನೂ ತೆರೆಯಲಿಲ್ಲ.
"ಅಡುಗೆಯವಳು ಉಣ್ಣೋದು ಕೊನೆಗೆ", ನಗುತ್ತಾಳೆ.

ಕೊಕ್ಕೆಯನ್ನು ಪೆನ್ನಿನ ಹಾಗೆ ಹಿಡಿ, ಅಂದಳು;
ಸಹಿ ಹಾಕುವವನ ಹಾಗಲ್ಲ,
ಸಾಲದ ಪತ್ರ ಓದುತ್ತ ಒಂದೊಂದೇ ಸಾಲಿನ ಕೆಳಗೆ
ಪೆನ್ನು ಸರಿಸುವವನ ಹಾಗೆ.
ಕಿರುಬೆರಳನ್ನು ಬೀಗದ ಮೈಗೆ ಆನಿಸು,
ಗಾಳಿಯಲ್ಲಿ ತೇಲುವ ಕೈಗೆ ಕಿವಿಯಿಲ್ಲ.
ಮಣಿಕಟ್ಟು ಮಲಗಿರಲಿ, ಗೆಣ್ಣಷ್ಟೇ ಏಳಲಿ.
ಇನ್ನು ಎಡಗೈಯ ಕಡ್ಡಿ. ಅದಕ್ಕೆಷ್ಟು ಭಾರ?
ನನ್ನ ಕೆನ್ನೆಗೆ ಬೆರಳಿಟ್ಟು ತೋರಿಸಿದಳು:
ಇಷ್ಟು. ಮಲಗಿದ ಮಗುವಿಗೆ
ಜ್ವರವಿದೆಯೇ ಎಂದು ನೋಡುವಷ್ಟು.

ಕೀಲಿಕೈಯಲ್ಲಿ ಕೀಲಿ ಕಳೆದರೆ
ಉಳಿಯುವುದು ಕೈ.

ಹೋದ ವರ್ಷದಿಂದ ಅವಳ ಬಲಗೈ ನಡುಗುತ್ತದೆ.
ಲೋಟವನ್ನು ಎಡಗೈಯಲ್ಲೇ ಎತ್ತುತ್ತಾಳೆ; ನಾವು ಬೇರೆ ಕಡೆ ನೋಡುತ್ತೇವೆ.
ಹದಿನಾರರ ಮಾಲ್ಟೆ ಮಾತ್ರ ಕೇಳಿಯೇಬಿಟ್ಟ:
"ಇನ್ನು ಹೇಗೆ ತೆರೀತೀರಿ?"
ಅವಳು ಆರು ಪಿನ್ನಿನ ಹಳೇ ಬೀಗವೊಂದನ್ನು ಇಕ್ಕಳಕ್ಕೆ ಕಚ್ಚಿಸಿ
ಕಡ್ಡಿಯ ತುದಿಗೆ ಎಡಗೈ ತೋರುಬೆರಳಿಟ್ಟು
ಕೊಕ್ಕೆಯನ್ನು ನನ್ನ ಕಡೆ ತಳ್ಳಿದಳು.

ಹಿಂದಿನಿಂದ ಶುರು ಮಾಡಿದೆ. ಆರನೆಯದು ಸಡಿಲ,
ಸ್ಪ್ರಿಂಗಿನ ಬರೀ ಕುಣಿತ. ಐದು ಸಡಿಲ. ನಾಲ್ಕು...
"ಅದೇ", ಅಂದಳು, ನಾನಿನ್ನೂ ಮುಟ್ಟಿದೆನೋ ಇಲ್ಲವೋ.
ನನ್ನ ಬೆರಳಿಗೆ ಬರಬೇಕಾದ ಸುದ್ದಿ
ಹಿತ್ತಾಳೆಯ ಒಳದಾರಿಯಲ್ಲಿ ಅವಳಿಗೆ ಮೊದಲು ಮುಟ್ಟಿತ್ತು.
ಟಿಕ್. ಉಗುರಿಗೆ ಉಗುರು ತಾಗಿದಷ್ಟು.
ಆಮೇಲೆ ಒಂದು, ಆಮೇಲೆ ಆರು, ಎರಡು, ಐದು,
ಬೀಗದ ತಿರುಳು ಥಟ್ಟನೆ ತುಸು ತಿರುಗಿ
ನಿಂತುಬಿಟ್ಟಿತು. ತೆರೆದ ಹಾಗೆ ಸೋಗು.
ಒಳಗೆಲ್ಲೋ, ದಾರದ ರೀಲಿನಂತೆ ನಡು ಸಣ್ಣಗಾದ ಪಿನ್ನೊಂದು
ನಡುವಿನಲ್ಲೇ ಸಿಕ್ಕಿಕೊಂಡಿದೆ.

ಒಬ್ಬನೇ ಇದ್ದಿದ್ದರೆ ಅದುಮುತ್ತಿದ್ದೆ.
ನಾನು ಎತ್ತಿದ ಹಾಗೆ ಅವಳು ಬಿಟ್ಟುಕೊಟ್ಟಳು,
ಪೂರಾ ಅಲ್ಲ,
ತುಟಿಗೆ ಬಂದ ಮಾತು ನುಂಗಿಕೊಂಡವರು ಉಸಿರು ಬಿಡುವಷ್ಟು.
ತಿರುಳು ಹಿಂದಕ್ಕೆ ಸರಿಯಿತು. ಕೂತಿದ್ದ ಪಿನ್ನೊಂದು ಜಾರಿ ಬಿತ್ತು.
"ಬೀಳಲಿ", ಅಂದಳು.
ಅವಳ ಬಲಗೈ ಮೇಜಿನ ಮೇಲೆ ತನ್ನ ಪಾಡಿಗೆ ನಡುಗುತ್ತಿತ್ತು,
ತಟ್ಟೆಯಲ್ಲಿದ್ದ ಬಿಡಿ ಪಿನ್ನುಗಳು
ಸಣ್ಣಗೆ ಗಲಗಲ ಅನ್ನುತ್ತಿದ್ದವು.

ಬಿದ್ದದ್ದನ್ನು ಮತ್ತೆ ಎತ್ತಿದೆ. ತಿರುಗಿತು.
ಮಾಲ್ಟೆ ಗಡಿಯಾರ ಒತ್ತುವುದನ್ನೇ ಮರೆತಿದ್ದ.

ಅವಳು ಬೀಗವನ್ನು ಇಕ್ಕಳದಿಂದ ಬಿಡಿಸಿ, ಅಡಿಮೇಲು ಮಾಡಿ,
ದೀಪಕ್ಕೆ ಹಿಡಿದು ನೋಡಿದಳು,
ಮೂರನೇ ಬೆಂಚಿನ ಗುರುತು ಇದೆಯೇ ಅಂತ.
ಇರಲಿಲ್ಲ. ಬೇರೆ ಯಾವಳದೋ ಕೈ.
"ಚೆನ್ನಾಗಿ ತುಂಬಿದ್ದಾಳೆ", ಅಂದಳು,
ತಿರುಳನ್ನು ಹಿಂದಕ್ಕೆ ತಿರುಗಿಸಿ
ಮುಚ್ಚಿದಳು.