ಹತ್ತರಲ್ಲಿ ಎಷ್ಟು

ಶಿಡ್ಲಘಟ್ಟದ ತಾಲ್ಲೂಕು ಆಸ್ಪತ್ರೆ, ಬುಧವಾರ,
ಇಂಜೆಕ್ಷನ್ ರೂಮಿನ ಪಕ್ಕದ ಸಣ್ಣ ಕೋಣೆ.
ಸುಕನ್ಯಾ ಮೇಡಂ ನಿನಗೊಂದು ನಲವತ್ತು ಪುಟದ
ನೋಟ್‌ಬುಕ್ಕು ಕೊಟ್ಟರು, ಮುಬೀನ್.
ಎಡಕ್ಕೆ ಮಾಡಿದ್ದು, ಬಲಕ್ಕೆ ಮನಸ್ಸು, ಹತ್ತರಲ್ಲಿ ಎಷ್ಟು.
"ಮನಸ್ಸು ಬರಲಿ, ಆಮೇಲೆ ಏಳ್ತೀನಿ ಅನ್ನಬೇಡ.
ಎದ್ದು ನೋಡು. ಅದು ಹಿಂದೆ ಬರುತ್ತೆ.
ಬರದಿದ್ದರೆ ಅದನ್ನೂ ಬರಿ."
ನನಗೆ ಹೇಳಿದ್ದು ಬೇರೆ:
"ಹೊಗಳಬೇಡಿ, ಬೈಯಬೇಡಿ, ಜೊತೆಗಿರಿ."

ಹನ್ನೊಂದು ವರ್ಷದವನಿಗೆ ಏನಪ್ಪ ಚಿಂತೆ ಅಂತ
ಚಹಾ ಅಂಗಡಿಯಲ್ಲಿ ನಕ್ಕವನು ನಾನು.
ಅಮ್ಮಿ ತಾಯತ ಕಟ್ಟಿಸಿದಳು.
ಮೂರು ತಿಂಗಳು ನೀನು ಗೋಡೆಗೆ ಮುಖ ಮಾಡಿ
ಸುಣ್ಣದ ಬಿರುಕು ನೋಡುತ್ತಿದ್ದೆ.

ಮೊದಲ ವಾರ:
ಹಲ್ಲುಜ್ಜಿದೆ. ೧.
ಚಪ್ಪಲಿ ಹಾಕ್ಕೊಂಡು ಬಾಗಿಲ ತನಕ. ೧.
ಮೇಕೆಗೆ ಹಿಪ್ಪುನೇರಳೆ ಕಡ್ಡಿ. ೨, ಹೊಡೆದು ಹಾಕಿ, ೧.
ಶುಕ್ರವಾರ ಖಾಲಿ.

ಒಂದು ಸಂಜೆ ಫ್ಲಾಸ್ಕು ಹಿಡಿದು ನೂಲಿನ ಶೆಡ್ಡಿಗೆ ಬಂದೆ.
ಪಟ್ಟಿಯಲ್ಲಿ ಅದು ನಾಲ್ಕನೆಯದು.
ಬಿಸಿನೀರಲ್ಲಿ ಗೂಡುಗಳು ಹೊರಳುತ್ತಿದ್ದವು.
ಕಡ್ಡಿ ಆಡಿಸಿ, ಒಂದು ಎಳೆ ಮೇಲೆತ್ತಿ ತೋರಿಸಿದೆ:
"ನೋಡು ಬೇಟಾ, ತುದಿ ಸಿಕ್ಕರೆ ಸಾಕು,
ಮಿಕ್ಕಿದ್ದು ತಾನಾಗಿ ಬಿಚ್ಕೊಳ್ಳುತ್ತೆ.
ಮೇಡಂ ಹೇಳಿದ್ದೂ ಇದೇ ತಾನೆ?"
ನನ್ನ ಜಾಣತನಕ್ಕೆ ನಾನೇ ತಲೆದೂಗುತ್ತಿದ್ದೆ.
ನೀನು ತಳದ ಕಂದು ಕಸ ನೋಡುತ್ತ ಕೇಳಿದೆ:
"ಪೂರ್ತಿ ಬಿಚ್ಚೋ ಹೊತ್ತಿಗೆ
ಒಳಗಿನ ಹುಳ ಸತ್ತಿರುತ್ತಲ್ಲ, ಅಬ್ಬಾ?"

ಚರಕ ತಿರುಗುತ್ತಲೇ ಇತ್ತು.
ಇಪ್ಪತ್ತೆರಡು ವರ್ಷದ ಕಸುಬು,
ಯಾರೂ ಕೇಳಿರಲಿಲ್ಲ, ನಾನಂತೂ ಕೇಳಿಕೊಂಡಿರಲಿಲ್ಲ.
ಒದ್ದೆ ಕೈ ಒರೆಸಿಕೊಂಡು ಚಹಾ ಸುರಿದೆ, ಎರಡು ಲೋಟ.
ಗೂಡಿನ ಬುಟ್ಟಿಗೆ ಒರಗಿ ಕೂತೆವು.
ಕುಡಿದು ನೀನು ಮುಖ ಸಿಂಡರಿಸಿದೆ:
"ಸಕ್ಕರೆ ಕಮ್ಮಿ."
ಆ ಮೂರು ತಿಂಗಳಲ್ಲಿ
ನಿನಗೆ ಏನಾದರೂ ಬೇಕು ಅನ್ನಿಸಿದ್ದು ಅದೇ ಮೊದಲು.
ಹೊಗಳಲಿಲ್ಲ. ಹಲ್ಲು ಕಚ್ಚಿಕೊಂಡೆ.

ರಾತ್ರಿ ನೀನು ಮಲಗಿದ ಮೇಲೆ
ಕದ್ದು ಪುಟ ತೆರೆದೆ. ತಪ್ಪು, ಗೊತ್ತು.
ಚಹಾ ಕೊಟ್ಟು ಬಂದೆ. ೩.
ನಾಳೆಗೆ: ಸಕ್ಕರೆ, ಕಾಲು ಕೆಜಿ.
ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ, ಸಣ್ಣಗೆ:
ಅಬ್ಬಾಗೆ ಇವತ್ತು ೪ ಇರಬಹುದು.