ಅಮಾವಾಸ್ಯೆಯ ಲೆಕ್ಕ

ಹದಿನೇಳು ದೀಪ ನನ್ನವು. ಹದಿನೇಳಕ್ಕೂ
ಬೇರೆ ಬೇರೆ ಕೆಮ್ಮು.
ಸಂಜೆಯಾದರೆ ಪಂಪು ಹೊಡೆದು, ಮ್ಯಾಂಟಲಿಗೆ ಕಡ್ಡಿ ತೋರಿಸಿ
ಮ್ಫಂಗಾನೋ ದ್ವೀಪದ ದಡದಲ್ಲಿ
ದೋಣಿಗೊಂದರಂತೆ ಹಂಚಿ ಬರುತ್ತಿದ್ದೆ.
ಸರೋವರದ ಕತ್ತಲಲ್ಲಿ ದೀಪ ತೇಲಿಬಿಟ್ಟರೆ ಸಾಕು,
ಒಮೆನಾ ಮೀನು, ಕಿರುಬೆರಳುದ್ದದ ಬೆಳ್ಳಿ,
ಕರೆಯದ ಮದುವೆಗೆ ಬಂದವರ ಹಾಗೆ ನುಗ್ಗುತ್ತವೆ.
ಹುಣ್ಣಿಮೆಗೆ ರಜೆ. ಚಂದ್ರನೆದುರು
ನಮ್ಮ ಬೆಳಕನ್ನು ಯಾವ ಮೀನೂ ಲೆಕ್ಕಕ್ಕಿಡುವುದಿಲ್ಲ.

ಸಾಲವೆಲ್ಲ ಗೋಡೆಯ ಮೇಲೆ, ಇದ್ದಿಲಲ್ಲಿ:
ಒಕಿನ್ಯಿ ನಾಲ್ಕು ಗೀಟು, ಅವನ ತಮ್ಮ ಒಂಬತ್ತು.
ಬಲೆ ಬರಿದಾದ ರಾತ್ರಿಗೆ ಇನ್ನೊಂದು ಗೀಟು, ಅಷ್ಟೇ.
ಇರಚಲು ಹೊಡೆದರೆ ಕೆಲವು ಮಾಫಿ.

ಉಣ್ಣುವ ಮುದ್ದೆಗೂ ಸೀಮೆಎಣ್ಣೆ ವಾಸನೆ.
ಮೊಮ್ಮಗ ಎರಡು ವರ್ಷದವನು, ನೀರೆಂದು ಕುಡಿದುಬಿಟ್ಟ.
ಮೂರು ದಿನ ಆಸ್ಪತ್ರೆ. ಬದುಕಿದ.
ಈಗಲೂ ನೀಲಿ ಬಾಟಲಿ ಕಂಡರೆ
ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ.

ಆಮೇಲೆ ಬ್ರೇವಿನ್ ಬಂದ.
ಮಾಡಿಗೆಲ್ಲ ಸೋಲಾರ್ ಹೊದಿಸಿ ಒಂದು ಕೊಟ್ಟಿಗೆ ಕಟ್ಟಿದ.
ಅದೇ ಬ್ಯಾಟರಿ ಹಗಲು ಬೈಕಿಗೆ, ರಾತ್ರಿ ದೀಪಕ್ಕೆ.
ಬೈಕಿಗೆ ಸದ್ದೇ ಇಲ್ಲ; ಎರಡು ಕೋಳಿ ಸತ್ತ ಮೇಲೆ
ಹುಡುಗರು ಬಾಯಲ್ಲೇ ಬುರ್‍ರ್ ಅನ್ನುತ್ತ ಓಡಿಸುತ್ತಾರೆ.

ಹೊಸ ದೀಪಕ್ಕೆ ಹೊಗೆಯಿಲ್ಲ, ಗಾಳಿಗೆ ಅಂಜುವುದಿಲ್ಲ.
ಮೀನು ಬರಬಾರದೆಂದು ಹರಕೆ ಹೊತ್ತಿದ್ದೆ.
ಬಂದವು.
ಬೆಳಕಾದರೆ ಸಾಕು ಅವಕ್ಕೆ, ಕುಲಗೋತ್ರ ಕೇಳುವುದಿಲ್ಲ.
ನನ್ನ ಕೆಮ್ಮೂ ನಿಂತಿತು, ಸುಳ್ಳೇಕೆ ಹೇಳಲಿ.
ಗೋಡೆಗೆ ಸುಣ್ಣ ಬಳಿಸಿದೆ.

ಇವನ ದೀಪಕ್ಕೆ ಗೊತ್ತಿಲ್ಲದ್ದು ಒಂದೇ: ಸಾಲ.
ನಡುರಾತ್ರಿಯೊಳಗೆ ಫೋನಿನಲ್ಲಿ ಬಾಡಿಗೆ ಹೋಗಬೇಕು,
ಹೋಗದಿದ್ದರೆ ತಾನೇ ಕಣ್ಣು ಮುಚ್ಚುತ್ತದೆ.
ಕಳೆದ ಅಮಾವಾಸ್ಯೆ, ಸಿಗ್ನಲ್ ಇಲ್ಲದೆ
ಒಕಿನ್ಯಿಯ ದುಡ್ಡು ಅವನ ಜೇಬಿನಲ್ಲೇ ಉಳಿಯಿತು.
ದಡದಲ್ಲಿ ನಿಂತು ಎಣಿಸುತ್ತಿದ್ದೆ, ಹಳೆ ಚಾಳಿ:
ಹದಿನೈದು, ಹದಿನಾರು, ಹದಿನೇಳು.
ಮತ್ತೆ ಎಣಿಸಿದೆ. ಹದಿನಾರು.

ಅಟ್ಟದಿಂದ ಒಂದು ಹಳೆ ದೀಪ ಇಳಿಸಿದೆ.
ಒಣಗಿದ ವಾಶರಿಗೆ ಮೀನೆಣ್ಣೆ ಸವರಿ, ಪಂಪು ಹೊಡೆದೆ.
ಉಬ್ಬಸಪಡುತ್ತಲೇ ಹೊತ್ತಿತು ಮುದುಕಿ, ಬಂಡೆಯ ಮೇಲೆ.
ಎಷ್ಟೋ ಹೊತ್ತಿಗೆ ಹುಟ್ಟಿನ ಸದ್ದು.
ದೋಣಿ ಎಳೆಯುತ್ತ ಒಕಿನ್ಯಿ ಕೇಳಿದ:
"ಇದಕ್ಕೆಷ್ಟು, ಸೆಲ್ಫಾ?"

ಬೆಳಗ್ಗೆ ಜಗಳಕ್ಕೆಂದೇ ಹೋದೆ.
"ಆರಿಸುವುದು ನಾನಲ್ಲ ಅಜ್ಜಿ,
ನೈರೋಬಿಯ ಕಂಪ್ಯೂಟರು," ಅಂದ ಬ್ರೇವಿನ್.
ಪಾಪ, ಅವನ ಕಣ್ಣೂ ನಿದ್ದೆಗೆಟ್ಟಿತ್ತು.
ಹಾಗಾದರೆ ಅದಕ್ಕೆ ಹೇಳು, ಅಂದೆ,
ನೀರಿನ ಮೇಲಿರುವವರಿಗೆ
ಬೆಳಗಾಗುವತನಕ ಸೈರಣೆ ಇರಲಿ.
ಅವನು ಬರೆದುಕೊಂಡ, ಅಥವಾ ಬರೆದುಕೊಂಡಂತೆ ಮಾಡಿದ.

ಸೆರಗಿನಲ್ಲಿ ಇದ್ದಿಲ ಚೂರಿತ್ತು.
ಒಕಿನ್ಯಿಯ ಹೆಸರಿಗೆ
ಅವನ ಬೆಳ್ಳನೆ ಗೋಡೆಯ ಮೇಲೆ
ಒಂದು ಗೀಟೆಳೆದು ಬಂದೆ.